ಗಟ್ಟಿಮೇಳದ ಆಚೆ

ನಮ್ಮ ಬೇಗಾರಿನ ಕಡೆ ಮದುವೆಗಳಲ್ಲಿ ಧಾರೆಯ ಹೊತ್ತಿಗೆ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗುತ್ತೇವೆ. ಊಟದ ಹೊತ್ತಿಗೆ ವಾಲಗದವರನ್ನು ಮರೆಯುತ್ತೇವೆ. ಚಪ್ಪರ, ಮೆರವಣಿಗೆಗಳ ವಾದ್ಯವೆಂದೇ ಜನ ತಿಳಿದಿದ್ದ ಕ್ಲಾರಿಯೋನೆಟ್ಟನ್ನು ಹಿಂದೂಸ್ತಾನಿ ಕಛೇರಿಯ ವೇದಿಕೆಯ ಮೇಲೆ ಕೂರಿಸಿದವರಲ್ಲಿ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರ ಹೆಸರು ದೊಡ್ಡದು.

ಸುಮಾರು 1700ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಡೆನ್ನರ್ ಎಂಬಾತನ ಕೈಯಲ್ಲಿ ರೂಪುಗೊಂಡ ವಾದ್ಯವಿದು. ಶಹನಾಯಿಯಲ್ಲಿ ರಂಧ್ರಗಳನ್ನು ಬೆರಳೇ ಮುಚ್ಚುತ್ತದೆ. ಮೀಂಡ್ ತೆಗೆಯಲು ಅನುಕೂಲ. ಇದರಲ್ಲಿ ಲೋಹದ ಕೀಲಿಗಳು ಅಡ್ಡ ಬರುತ್ತವೆ. ಮೇಲಿನ ಸಪ್ತಕಕ್ಕೆ ಹೋದರೆ ಬೆರಳಿನ ಲೆಕ್ಕವೇ ಬೇರೆ. ಸ್ವರದಿಂದ ಸ್ವರಕ್ಕೆ ಜಾರಬೇಕಾದರೆ ತುಟಿಯನ್ನೂ ಉಸಿರನ್ನೂ ವರ್ಷಗಟ್ಟಲೆ ಪಳಗಿಸಬೇಕು.

ವಡವಾಟಿಯವರು ಕಲಿತದ್ದು ಗಾಯಕ ಸಿದ್ಧರಾಮ ಜಂಬಲದಿನ್ನಿಯವರಲ್ಲಿ. ಹಾಡುವವರಿಂದ ಊದುವವರು ಕಲಿಯುವುದೇನು ಎನ್ನಬೇಡಿ. ಉಸಿರನ್ನು ಎಲ್ಲಿ ಚೆಲ್ಲಬೇಕು, ಎಲ್ಲಿ ಹಿಡಿಯಬೇಕು ಎಂಬ ಪಾಠ ಇಬ್ಬರಿಗೂ ಒಂದೇ. ಮುಂದೆ ತಾವೂ ಶಿಷ್ಯರಿಗೆ ಕಲಿಸಿದರು. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಅಧ್ಯಕ್ಷರೂ ಆದರು.

ವೇದಿಕೆಯ ಮೇಲೆ ವಾದ್ಯಕ್ಕೆ ಮರ್ಯಾದೆ ಬಂತು. ಚಪ್ಪರದಲ್ಲಿ ಊದುವವರಿಗೆ ಬಂದಿದೆಯೆ? ಮುಂದಿನ ಮದುವೆಯಲ್ಲಿ ಅವರಿಗೂ ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಸುವುದು ಮನೆಯ ಹೆಂಗಸರಾದ ನಮ್ಮ ಕೈಯಲ್ಲೇ ಇದೆ.