ಪರದೇಶವೇ ಸ್ವದೇಶವಾದಾಗ: ಕೊಲ್ಹಾಪುರದ ವೈಲ್ಡರ್ ಕುಟುಂಬ

ನಿಪ್ಪಾಣಿಯಿಂದ ಉತ್ತರಕ್ಕೆ ಸಾಗುವ ಹೆದ್ದಾರಿಯು ಕೊಗನೊಳ್ಳಿಯನ್ನು ದಾಟಿದೊಡನೆ ಮಹಾರಾಷ್ಟ್ರವನ್ನು ಪ್ರವೇಶಿಸುತ್ತದೆ. ಕನ್ನಡ ಮರಾಠಿಗಳೆರಡೂ ಬೆರೆತು ಬಾಳುವ ಸೀಮೆಯಿದು. ಕ್ರೈಸ್ತ ಸಭೆಯ ಇತಿಹಾಸದಲ್ಲಿಯೂ ಈ ಊರಿನ ಆಸುಪಾಸು ಒಂದು ಗಡಿಯೇ ಆಗಿತ್ತು. ದಕ್ಷಿಣದಲ್ಲಿ ಬೆಳಗಾವಿಗೆ 1820ರಲ್ಲಿ ಲಂಡನ್ ಮಿಷನ್ ಬಂದಿತು. ಧಾರವಾಡದಲ್ಲಿ 1837ರಲ್ಲಿ ಬಾಸೆಲ್ ಮಿಷನ್ ನೆಲೆಯೂರಿತು. ಉತ್ತರದ ಕೊಲ್ಹಾಪುರಕ್ಕೆ 1852ರಲ್ಲಿ ಬಂದವರು ಅಮೆರಿಕದವರು. ಬಾಸೆಲ್ ಮಿಷನ್ನಿನ ಸೇವೆಯನ್ನು ನಮ್ಮ ಸಭೆಗಳು ಮತ್ತೆ ಮತ್ತೆ ಸ್ಮರಿಸುತ್ತವೆ. ಅದು ಯೋಗ್ಯವೂ ಹೌದು. ಆದರೆ ಗಡಿಯಾಚೆ ಒಂದು ತಾಸಿನ ಹಾದಿಯಲ್ಲಿ ನಡೆದ ಕಥೆ ಕನ್ನಡದಲ್ಲಿ ಹೆಚ್ಚು ಕೇಳಿಬಂದಿಲ್ಲ. ಮುಂದೆ ನಿಪ್ಪಾಣಿಯೂ ಆ ಮಿಷನ್ನಿನದೇ ಒಂದು ಕೇಂದ್ರವಾದುದರಿಂದ ಇದು ನಮ್ಮ ಕಥೆಯೂ ಆಗಿದೆ.

ರಾಯಲ್ ಗೌಲ್ಡ್ ವೈಲ್ಡರ್ ಅವರು ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ 1816ರಲ್ಲಿ ಜನಿಸಿದರು. ಪತ್ನಿ ಎಲೈಜಾ ಅವರೊಡನೆ 1846ರಲ್ಲಿ ಹಿಂದೂಸ್ಥಾನಕ್ಕೆ ಬಂದು ಕೆಲವು ವರ್ಷ ಅಹಮದನಗರದಲ್ಲಿದ್ದು, ಮರಾಠಿ ಕಲಿತು, 1852ರ ಡಿಸೆಂಬರಿನಲ್ಲಿ ಕೊಲ್ಹಾಪುರ ಸೇರಿದರು. ಅದು ದೇಶೀಯ ಅರಸರ ರಾಜಧಾನಿ, ಅಂಬಾಬಾಯಿಯ ಕ್ಷೇತ್ರ. ಅಂತಹ ನಗರವು ವಿದೇಶೀ ದಂಪತಿಗಳನ್ನು ತೆರೆದ ತೋಳುಗಳಿಂದ ಸ್ವಾಗತಿಸಲಿಲ್ಲವೆಂಬುದರಲ್ಲಿ ಆಶ್ಚರ್ಯವೇನಿದೆ? ಯಾರು ಇವರು, ಏಕೆ ಬಂದರು, ಇವರ ಹಿಂದೆ ಕಂಪನಿ ಸರಕಾರದ ಕೈ ಇದೆಯೋ ಎಂದು ಜನ ಶಂಕಿಸುವುದು ಸಹಜವಾಗಿತ್ತು. ಆ ಶಂಕೆಯನ್ನು ಒಂದು ಪ್ರಸಂಗದಿಂದ ನೀಗಿಸಲಾಗದು. ಅದಕ್ಕೆ ವರ್ಷಗಳು ಬೇಕು.

ವಿಚಿತ್ರವೆಂದರೆ, ವೈಲ್ಡರರನ್ನು ಹೆಚ್ಚು ನೋಯಿಸಿದ ವಿರೋಧವು ಸ್ವದೇಶದಿಂದಲೇ ಬಂದಿತು. ಅವರನ್ನು ಕಳುಹಿಸಿದ್ದ ಅಮೆರಿಕನ್ ಬೋರ್ಡಿನ ಹಿರಿಯರು 1850ರ ದಶಕದಲ್ಲಿ ಶಾಲೆಗಳಿಗಿಂತ ಸುವಾರ್ತಾ ಪ್ರಸಂಗಕ್ಕೇ ಪ್ರಾಧಾನ್ಯವಿರಬೇಕೆಂದು ನಿರ್ಧರಿಸಿದರು. ವೈಲ್ಡರರಿಗೆ ಶಾಲೆಗಳ ಮೇಲೆ ಅಪಾರ ನಂಬಿಕೆ. ಅನಾರೋಗ್ಯದಿಂದ ಅವರು 1857ರಲ್ಲಿ ತಾಯ್ನಾಡಿಗೆ ಮರಳಿದ್ದಾಗ ಭಿನ್ನಾಭಿಪ್ರಾಯವು ಬಹಿರಂಗ ವಾಗ್ವಾದವಾಯಿತು. ಬೋರ್ಡು ಕೊಲ್ಹಾಪುರದ ಕೆಲಸದಿಂದ ಹಿಂದೆ ಸರಿಯಿತು. ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಕಳುಹಿಸಿದವರೇ ಕರೆದುಕೊಂಡ ಮೇಲೆ ಹಿಂದಿರುಗುವ ಹಂಗೇನು? ಆದರೆ 1861ರಲ್ಲಿ ವೈಲ್ಡರ್ ದಂಪತಿಗಳು ಯಾವ ಮಿಷನ್ನಿನ ಆಶ್ರಯವೂ ಇಲ್ಲದೆ, ಸ್ನೇಹಿತರ ಕಾಣಿಕೆಯನ್ನು ನೆಚ್ಚಿ ಮತ್ತೆ ಕೊಲ್ಹಾಪುರಕ್ಕೆ ಬಂದರು. ಒಂಬತ್ತು ವರ್ಷ ಹಾಗೆಯೇ ನಡೆಯಿತು. 1870ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆಯು ಈ ಕೆಲಸವನ್ನು ತನ್ನದಾಗಿಸಿಕೊಂಡಿತು.

ನನ್ನ ದೃಷ್ಟಿಯಲ್ಲಿ 1852ರ ಬರವಿಗಿಂತ 1861ರ ಬರವು ದೊಡ್ಡದು. ಮೊದಲನೆಯ ಸಲ ಬಂದದ್ದು ನೇಮಕದಿಂದ. ಎರಡನೆಯ ಸಲ ಬಂದದ್ದು ಸ್ವಂತ ಇಚ್ಛೆಯಿಂದ. ಮೊದಲು ಅವರು ಒಂದು ಸಂಸ್ಥೆಯ ಜನ. ಆಮೇಲೆ ಆ ಊರಿನ ಜನ. ಹಾಗೆಂದು ಅವರ ಶ್ರಮಕ್ಕೆ ಕಣ್ಣು ಕೋರೈಸುವ ಫಲವೇನೂ ದೊರೆಯಲಿಲ್ಲ; ಸಭೆಯು ಬಹುಕಾಲ ಪುಟ್ಟದಾಗಿಯೇ ಉಳಿಯಿತು. ಹಿಂದೂಸ್ಥಾನದ ಸೇವಾವಧಿಯಲ್ಲಿ ಅವರ ಶಾಲೆಗಳಲ್ಲಿ ಕಲಿತವರು 3,300 ಮಕ್ಕಳು, ಅವರಲ್ಲಿ 300 ಮಂದಿ ಹುಡುಗಿಯರು ಎಂಬ ಲೆಕ್ಕ ಅವರ ಜೀವನವೃತ್ತಾಂತದಲ್ಲಿ ದೊರೆಯುತ್ತದೆ. ಹೆಣ್ಣುಮಕ್ಕಳಿಗೆ ಅಕ್ಷರವೇಕೆ ಎನ್ನುತ್ತಿದ್ದ ಕಾಲದಲ್ಲಿ ಆ 300 ಸಣ್ಣ ಸಂಖ್ಯೆಯಲ್ಲ.

ಹೀಗೆ ಮರಳಿ ಬಂದ ಮನೆಯಲ್ಲಿ 1863ರಲ್ಲಿ ಹುಟ್ಟಿದವನು ರಾಬರ್ಟ್. ಕೊಲ್ಹಾಪುರವೇ ಅವನ ಹುಟ್ಟೂರು. 1870ರ ದಶಕದಲ್ಲಿ ತಂದೆಯ ಆರೋಗ್ಯ ಕೆಟ್ಟು ಕುಟುಂಬವು ಅಮೆರಿಕಕ್ಕೆ ತೆರಳಿ ಪ್ರಿನ್ಸ್‌ಟನ್‌ನಲ್ಲಿ ನೆಲೆಸಿದಾಗ, ಹೆತ್ತವರು ತಾಯ್ನಾಡಿಗೆ ಹಿಂದಿರುಗಿದರು. ಹುಡುಗನಾದರೋ ತನ್ನ ಊರನ್ನು ಬಿಟ್ಟು ಪರದೇಶಕ್ಕೆ ಹೋದನು! ರಾಬರ್ಟನು ಕಾಲೇಜು ಸೇರಿದ ಮೇಲೆ, 1883ರಲ್ಲಿ, ಪರದೇಶ ಸೇವೆಗೆ ಸಿದ್ಧರಾದ ವಿದ್ಯಾರ್ಥಿಗಳ ಚಿಕ್ಕ ಗುಂಪೊಂದು ವೈಲ್ಡರರ ಮನೆಯಲ್ಲಿ ಕೂಡತೊಡಗಿತು. ಯುವಕರು ಒಂದು ಕೋಣೆಯಲ್ಲಿ ಸೇರಿರುವಾಗ ಅಕ್ಕ ಗ್ರೇಸ್ ಪಕ್ಕದ ಕೋಣೆಯಲ್ಲಿ ಪ್ರಾರ್ಥಿಸುತ್ತಿದ್ದರು. ಅಮೆರಿಕದ ಕಾಲೇಜುಗಳಿಂದ ಒಂದು ಸಾವಿರ ಸ್ವಯಂಸೇವಕರು ಏಳಬೇಕೆಂಬುದು ಆ ಅಕ್ಕ ತಮ್ಮಂದಿರ ಬೇಡಿಕೆಯಾಗಿತ್ತು.

1886ರ ಬೇಸಿಗೆಯಲ್ಲಿ ಪ್ರಸಿದ್ಧ ಪ್ರಸಂಗಿ ಮೂಡಿಯವರು ಮೌಂಟ್ ಹರ್ಮನ್ ಎಂಬಲ್ಲಿ ಕರೆದ ಸಮ್ಮೇಳನದಲ್ಲಿ ಸುಮಾರು 250 ವಿದ್ಯಾರ್ಥಿಗಳು ಸೇರಿದ್ದರು. ಅದು ಮುಗಿಯುವ ವೇಳೆಗೆ ಅವರಲ್ಲಿ 100 ಮಂದಿ ಪರದೇಶಕ್ಕೆ ಹೋಗಲು ಸಿದ್ಧರೆಂದು ಒಪ್ಪಿಕೊಟ್ಟಿದ್ದರು. ಆ ಮೇಲಿನ ವರ್ಷ ರಾಬರ್ಟ್, ಹಿಂದೂಸ್ಥಾನದಲ್ಲಿಯೇ ಹುಟ್ಟಿದ್ದ ಜಾನ್ ಫಾರ್ಮನ್ ಎಂಬ ಇನ್ನೊಬ್ಬ ಮಿಷನೆರಿಯ ಮಗನೊಡನೆ ಕಾಲೇಜಿನಿಂದ ಕಾಲೇಜಿಗೆ ಸುತ್ತಿದಾಗ ಸಂಖ್ಯೆ 2,000ವನ್ನು ಮೀರಿತು. 1888ರಲ್ಲಿ ಅದು ವಿದ್ಯಾರ್ಥಿ ಸ್ವಯಂಸೇವಕ ಚಳವಳಿ ಎಂಬ ಹೆಸರಿನಿಂದ ವ್ಯವಸ್ಥಿತ ರೂಪ ಪಡೆಯಿತು. ಮುಂದಿನ ದಶಕಗಳಲ್ಲಿ ಸಾವಿರಾರು ತರುಣ ತರುಣಿಯರು ಅದರ ಮೂಲಕ ಚೀನಾ, ಆಫ್ರಿಕಾ, ಹಿಂದೂಸ್ಥಾನಗಳಿಗೆ ಹೊರಟರು. ಪಂಚಗಂಗೆಯ ದಂಡೆಯ ಊರಿನಲ್ಲಿ ಬಾಲ್ಯ ಕಳೆದ ತರುಣನ ಕರೆ ಇದರ ಹಿಂದೆ ಇತ್ತೆಂಬುದನ್ನು ನಮ್ಮ ಕಡೆ ಬಲ್ಲವರು ವಿರಳ. ಇತರರಿಗೆ ಪರದೇಶವಾಗಿದ್ದುದು ಅವನಿಗೆ ಮನೆಯಾಗಿತ್ತು; ಆದುದರಿಂದಲೇ ಅವನ ಮಾತಿಗೆ ಅಷ್ಟು ತೂಕ ಬಂದಿರಬೇಕು.

ಆದರೂ ಒಂದು ಮಾತನ್ನು ಹೇಳಲೇಬೇಕು. ಲೋಕಕ್ಕೆಲ್ಲ ಇದೇ ತಲೆಮಾರಿನಲ್ಲಿ ಸುವಾರ್ತೆಯನ್ನು ಮುಟ್ಟಿಸಬೇಕೆಂಬುದು ಆ ಚಳವಳಿಯ ಧ್ಯೇಯವಾಕ್ಯವಾಗಿತ್ತು. ಉತ್ಸಾಹ ಶ್ಲಾಘನೀಯ, ಅವಸರವೂ ಸ್ಪಷ್ಟ. ಒಪ್ಪಿಗೆ ಬರೆದುಕೊಟ್ಟವರೆಲ್ಲರೂ ಹಡಗು ಹತ್ತಲಿಲ್ಲ. ಹತ್ತಿದವರಿಗೂ ಪರಭಾಷೆ, ಬಿಸಿಲು, ಕಾಯಿಲೆ, ಒಂಟಿತನಗಳು ಕಾದಿದ್ದವು. ಸ್ವತಃ ರಾಬರ್ಟ್ ವೈಲ್ಡರ್ 1890ರ ದಶಕದಲ್ಲಿ ಹಿಂದೂಸ್ಥಾನಕ್ಕೆ ಬಂದು ವಿದ್ಯಾರ್ಥಿಗಳ ನಡುವೆ ಸೇವೆ ಮಾಡಿದರೂ, ಸುಮಾರು ಹತ್ತು ವರ್ಷಗಳಲ್ಲಿ ಆರೋಗ್ಯ ಕುಸಿದು ಹಿಂದಿರುಗಬೇಕಾಯಿತು. 1938ರಲ್ಲಿ ನಾರ್ವೆಯ ಓಸ್ಲೋದಲ್ಲಿ ತೀರಿಕೊಂಡರು. ತಂದೆಯಾದರೂ 1887ರ ಅಕ್ಟೋಬರಿನಲ್ಲಿ ಕೊಲ್ಹಾಪುರಕ್ಕೆ ಮತ್ತೆ ಹೊರಡುವ ಸಿದ್ಧತೆಯಲ್ಲಿರುವಾಗಲೇ ನ್ಯೂಯಾರ್ಕಿನಲ್ಲಿ ನಿಧನರಾದರು.

ಹೊರಟವರು ಇಬ್ಬರು ಹೆಂಗಸರು. ವಿಧವೆಯಾದ ಎಲೈಜಾ ಮಗಳು ಗ್ರೇಸ್ ಅವರೊಡನೆ ಮತ್ತೆ ಸಮುದ್ರ ದಾಟಿ ಕೊಲ್ಹಾಪುರದ ಸೀಮೆಗೆ ಬಂದರು. ನಲವತ್ತು ವರ್ಷಗಳ ಹಿಂದೆ ಇದೇ ದೇಶಕ್ಕೆ ನವವಧುವಾಗಿ ಬಂದಿದ್ದ ತಾಯಿಗೆ ಈಗ ಮುಪ್ಪು. ಸ್ವಂತ ದೇಶದಲ್ಲಿ ಬಂಧುಗಳ ನಡುವೆ ಉಳಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಮಗನ ಹೆಸರು ಇತಿಹಾಸದ ಪುಟಗಳಲ್ಲಿದೆ. ತಾಯಿ ಮತ್ತು ಮಗಳಿಗೆ ಅಲ್ಲಿ ಒಂದೆರಡು ಸಾಲು.

ಅಬ್ರಹಾಮನು ಕಾನಾನಿನಲ್ಲಿ ಬಹುಕಾಲ ಪರದೇಶಿಯಾಗಿಯೇ ಇದ್ದನು. ಸಾರಳನ್ನು ಸಮಾಧಿ ಮಾಡಲು ಹಿತ್ತಿಯರ ಮುಂದೆ ತಲೆಬಾಗಿ ಮಕ್ಪೇಲದ ಹೊಲವನ್ನು ಬೇಡಬೇಕಾಯಿತು. ಹೊಸ ನಾಡಿನಲ್ಲಿ ನೆಲೆಸುವವನು ಮೊದಲು ಕೊಡುವವನಲ್ಲ, ಪಡೆಯುವವನು. ವೈಲ್ಡರರಿಗೂ ಯಾರೋ ಮರಾಠಿಯ ಮೊದಲ ಅಕ್ಷರ ತಿದ್ದಿಸಿದರು, ಯಾರೋ ಮನೆ ಬಾಡಿಗೆಗೆ ಕೊಟ್ಟರು, ಯಾರೋ ಹಳ್ಳಿಯ ದಾರಿಯಲ್ಲಿ ನೀರಿತ್ತರು. ನಮ್ಮ ಮಿಷನ್ ಚರಿತ್ರೆಗಳಲ್ಲಿ ಬಂದವರ ಹೆಸರುಗಳಿವೆ. ಬರಮಾಡಿಕೊಂಡವರ ಹೆಸರುಗಳು ಬಹುತೇಕ ಇಲ್ಲ. ಜುಬಿಲಿ ಸಂಚಿಕೆಗಳನ್ನು ಸಿದ್ಧಪಡಿಸುವ ನಮ್ಮ ಸಭೆಗಳು ಹಿರಿಯ ಮನೆತನಗಳಲ್ಲಿ ಇದನ್ನು ಕೇಳಿ ಬರೆದಿಟ್ಟರೆ ಈಗಲೂ ತಡವಾಗಿಲ್ಲ.

ಅದೇ ಮಿಷನ್ನಿಗೆ 1889ರಲ್ಲಿ ಬಂದ ಕೆನಡಾ ಮೂಲದ ವೈದ್ಯ ವಿಲಿಯಂ ವಾನ್ಲೆಸ್ ಅವರನ್ನು ಮಾತ್ರ ನಮ್ಮ ಸೀಮೆ ಚೆನ್ನಾಗಿ ಬಲ್ಲದು. ಅವರು ಮೀರಜದಲ್ಲಿ 1894ರಲ್ಲಿ ತೆರೆದ ಆಸ್ಪತ್ರೆಗೆ ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳಿಂದ ಕನ್ನಡದ ರೋಗಿಗಳು ರೈಲು ಹತ್ತಿ ಹೋಗುತ್ತಿದ್ದರು. ಅಥಣಿ, ಚಿಕ್ಕೋಡಿ ಕಡೆಯ ಎಷ್ಟೋ ಮನೆಗಳಲ್ಲಿ ದೊಡ್ಡ ಕಾಯಿಲೆಯೆಂದರೆ ಮೀರಜವೇ. ವಾನ್ಲೆಸ್ ಸುಮಾರು ನಲವತ್ತು ವರ್ಷ ಇಲ್ಲಿದ್ದು 1928ರಲ್ಲಿ ನಿವೃತ್ತರಾದರು; 1933ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಸಾಂಗ್ಲಿ ಮೀರಜಗಳ ನಡುವೆ ಅವರ ನೆನಪಿನ ಕ್ಷಯರೋಗ ಆಸ್ಪತ್ರೆಯ ಸುತ್ತ ಬೆಳೆದ ವಸತಿಗೆ ಜನರು ವಾನ್ಲೆಸ್‌ವಾಡಿ ಎನ್ನುತ್ತಾರೆ.