ಲಂಬಾಣಿ ಮಹಿಳೆಯರ ಬಯಲು ನೃತ್ಯ

ಪೀಠಿಕೆ

ಲಂಬಾಣಿ ನೃತ್ಯವು ಕರ್ನಾಟಕದ ಪ್ರಮುಖ ಮಹಿಳಾ ಜನಪದ ನೃತ್ಯಗಳಲ್ಲಿ ಒಂದಾಗಿದೆ. ಲಂಬಾಣಿಗರು ವಾಸಿಸುವ ನೆಲೆಗಳನ್ನು ತಾಂಡಾಗಳೆಂದು ಕರೆಯಲಾಗುತ್ತದೆ. ವಿಜಯಪುರ, ಬಾಗಲಕೋಟೆ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಗದಗ, ಹಾವೇರಿ, ದಾವಣಗೆರೆ, ಚಿತ್ರದುರ್ಗ ಮತ್ತು ಶಿವಮೊಗ್ಗ ಮುಂತಾದ ಜಿಲ್ಲೆಗಳಲ್ಲಿ ಇಂತಹ ತಾಂಡಾಗಳಿವೆ. ಈ ನೃತ್ಯಕ್ಕೆ ಮೂಲತಃ ವೇದಿಕೆಯಿಲ್ಲ. ತಾಂಡಾದ ಬಯಲು, ಬೇವಿನ ಮರದ ನೆರಳು, ಹಳ್ಳದ ದಂಡೆ ಮತ್ತು ಕಾಡಿನ ದಾರಿಗಳೇ ಇದರ ರಂಗಸ್ಥಳ. ತಾಂಡಾದ ಜನರೇ ಪ್ರೇಕ್ಷಕರು.

ಹಿನ್ನೆಲೆ

ಲಂಬಾಣಿಗರು ಹೇರೆತ್ತುಗಳ ಮೇಲೆ ಉಪ್ಪು ಹಾಗೂ ದವಸಧಾನ್ಯಗಳನ್ನು ಹೇರಿಕೊಂಡು ದೂರದ ಊರುಗಳಿಗೆ ಸಾಗಿಸುತ್ತಿದ್ದ ವ್ಯಾಪಾರಿ ಸಮುದಾಯದವರು. ದಖನ್ನಿನಲ್ಲಿ ಸಂಚರಿಸುತ್ತಿದ್ದ ಸೈನ್ಯಗಳಿಗೂ ಇವರು ಧಾನ್ಯ ಪೂರೈಸುತ್ತಿದ್ದರು. ಬ್ರಿಟಿಷರ ಆಳ್ವಿಕೆಯಲ್ಲಿ ರೈಲುಮಾರ್ಗಗಳು ಬಂದಂತೆ ಈ ವೃತ್ತಿ ಕುಸಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಕಳಂಕವನ್ನೂ ದೇಶದ ಕೆಲವು ಭಾಗಗಳಲ್ಲಿ ಈ ಸಮುದಾಯದವರು ಹೊರಬೇಕಾಯಿತು. ಆ ಕಾಯ್ದೆಯು 1952ರಲ್ಲಿ ರದ್ದಾಯಿತು. ಅಲೆಮಾರಿ ಜೀವನ ಕೊನೆಗೊಂಡು ತಾಂಡಾಗಳಲ್ಲಿ ನೆಲೆನಿಂತ ಮೇಲೂ ಹಾಡು ಮತ್ತು ಕುಣಿತಗಳು ಮಹಿಳೆಯರ ಮೂಲಕ ಉಳಿದುಬಂದಿವೆ. ಈ ಸಮುದಾಯದ ಗೋರ್ ಬೋಲಿ ಭಾಷೆಗೆ ಸ್ವಂತ ಲಿಪಿಯಿಲ್ಲದ ಕಾರಣ, ತಾಯಿಯಿಂದ ಮಗಳಿಗೆ ಬಾಯಿಂದ ಬಾಯಿಗೆ ಸಾಗಿಬಂದ ಹಾಡುಗಳೇ ಅದರ ಬಹುಮುಖ್ಯ ಭಂಡಾರವಾಗಿವೆ.

ನೃತ್ಯದ ಸ್ವರೂಪ

ಮಹಿಳೆಯರು ವೃತ್ತಾಕಾರವಾಗಿ ನಿಂತು, ಸೊಂಟ ಬಾಗಿಸಿ, ಚಪ್ಪಾಳೆ ತಟ್ಟುತ್ತಾ ಹೆಜ್ಜೆ ಹಾಕುತ್ತಾರೆ. ಒಬ್ಬ ಹಿರಿಯಳು ಹಾಡನ್ನು ಎತ್ತಿಕೊಟ್ಟರೆ ಉಳಿದವರು ಅದನ್ನು ಪುನರಾವರ್ತಿಸುತ್ತಾರೆ. ನಗಾರಿ ಮತ್ತು ಕಂಚಿನ ತಟ್ಟೆ ಹಿಮ್ಮೇಳದ ವಾದ್ಯಗಳು; ಇವು ಇಲ್ಲದಿದ್ದಲ್ಲಿ ಚಪ್ಪಾಳೆ ಹಾಗೂ ಬಳೆಗಳ ಸದ್ದೇ ತಾಳವಾಗುತ್ತದೆ. ಪೇಟಿಯಾ ಎಂಬ ಲಂಗ, ಕಾಂಚಳಿ ಎಂಬ ಕುಪ್ಪಸ, ಕನ್ನಡಿ ಚೂರು ಮತ್ತು ಕವಡೆಗಳನ್ನು ಹೊಲಿದ ಮೇಲುಹೊದಿಕೆ, ತೋಳು ತುಂಬ ಬಳೆಗಳು ಇವರ ಸಾಂಪ್ರದಾಯಿಕ ಉಡುಗೆತೊಡುಗೆ. ಈ ಉಡುಪಿನ ಕಸೂತಿಯನ್ನು ಮಹಿಳೆಯರು ಕೈಯಿಂದಲೇ ಹಾಕುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆತಿದೆ.

ನೃತ್ಯದ ಸಂದರ್ಭಗಳು

1. ಸೀತ್ಲಾ ಪೂಜೆ: ಮಳೆಗಾಲದ ಆರಂಭದಲ್ಲಿ ತಾಂಡಾದ ಹೊರಗೆ ಮರದ ಕೆಳಗೆ ಏಳು ಕಲ್ಲುಗಳನ್ನಿಟ್ಟು, ಜನ ಹಾಗೂ ದನಕರುಗಳ ಆರೋಗ್ಯಕ್ಕಾಗಿ ಪೂಜಿಸಲಾಗುತ್ತದೆ. ಮಹಿಳೆಯರು ಅಲ್ಲಿಯೇ ಹಾಡಿ ಕುಣಿಯುತ್ತಾರೆ.

2. ತೀಜ್: ಶ್ರಾವಣ ಮಾಸದಲ್ಲಿ ಅವಿವಾಹಿತ ಯುವತಿಯರು ತಾಂಡಾದ ನಾಯಕನ ಅನುಮತಿ ಪಡೆದು, ಬಿದಿರ ಬುಟ್ಟಿಗಳಲ್ಲಿ ಗೋಧಿ ಬಿತ್ತುತ್ತಾರೆ. ಪ್ರತಿದಿನ ನೀರೆರೆದು, ಬುಟ್ಟಿಗಳ ಸುತ್ತ ಕುಣಿದು, ಕೊನೆಯ ದಿನ ಮೊಳಕೆಗಳನ್ನು ಹಳ್ಳ ಅಥವಾ ಕೆರೆಯಲ್ಲಿ ವಿಸರ್ಜಿಸುತ್ತಾರೆ. ಮದುವೆಯಾಗಿ ತವರನ್ನು ಬಿಡಲಿರುವ ಯುವತಿಯರಿಗೆ ಇದು ಸಂಭ್ರಮವೂ ಹೌದು, ಅಗಲಿಕೆಯ ದುಃಖವೂ ಹೌದು.

3. ದೀಪಾವಳಿ: ಅಮಾವಾಸ್ಯೆಯ ರಾತ್ರಿ ಯುವತಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡುಗಳ ಮೂಲಕ ಶುಭ ಕೋರುತ್ತಾರೆ. ಮರುದಿನ ಕಾಡಿಗೆ ಹೋಗಿ ಹೂವುಗಳನ್ನು ಆಯ್ದು, ದಾರಿಯುದ್ದಕ್ಕೂ ಹಾಡುತ್ತಾ ಹಿಂದಿರುಗುತ್ತಾರೆ.

4. ಹೋಳಿ: ಲೇಂಗಿ ಹಾಡುಗಳೊಂದಿಗೆ ಸ್ತ್ರೀಪುರುಷರು ಬಯಲಿನಲ್ಲಿ ಕುಣಿಯುತ್ತಾರೆ.

ಇಂದಿನ ಸ್ಥಿತಿ

ಇಂದು ಲಂಬಾಣಿ ನೃತ್ಯವು ಮೆರವಣಿಗೆ, ಉತ್ಸವ ಮತ್ತು ಸರ್ಕಾರಿ ಸಮಾರಂಭಗಳಲ್ಲಿಯೂ ಪ್ರದರ್ಶಿತವಾಗುತ್ತಿದೆ. ಆದರೆ ವೇದಿಕೆಯಲ್ಲಿ ಕೆಲವೇ ನಿಮಿಷಗಳಿಗೆ ಮೊಟಕುಗೊಳ್ಳುವ ನೃತ್ಯಕ್ಕೂ, ತೀಜ್ ಹಬ್ಬದಲ್ಲಿ ದಿನಗಟ್ಟಲೆ ಸಾಗುವ ನೃತ್ಯಕ್ಕೂ ವ್ಯತ್ಯಾಸವಿದೆ. ಕಬ್ಬು ಕಟಾವು ಹಾಗೂ ಕಟ್ಟಡ ಕಾಮಗಾರಿಗಳಿಗಾಗಿ ಕುಟುಂಬಗಳು ತಿಂಗಳುಗಟ್ಟಲೆ ವಲಸೆ ಹೋಗುವುದರಿಂದ ಹಬ್ಬದ ದಿನಗಳಲ್ಲಿ ಹಲವು ಮನೆಗಳಿಗೆ ಬೀಗ ಬಿದ್ದಿರುತ್ತದೆ. ಹಾಡು ಎತ್ತಿಕೊಡುವ ಹಿರಿಯರು ಇದ್ದರೂ ಅದನ್ನು ಪುನರಾವರ್ತಿಸುವ ಕಿರಿಯರು ಇಲ್ಲದಿದ್ದಲ್ಲಿ ಹಾಡು ಅಲ್ಲಿಗೇ ನಿಲ್ಲುತ್ತದೆ.

ಮತ್ತೊಂದು ತೊಡಕು ದಾಖಲೆಗಳಿಗೆ ಸಂಬಂಧಿಸಿದ್ದು. ನೂರಾರು ಹಾಡುಗಳನ್ನು ಬಲ್ಲ ಹಿರಿಯ ಮಹಿಳೆಯೊಬ್ಬಳು ಜೀವನವಿಡೀ ತಾಂಡಾದ ಬಯಲಿನಲ್ಲಿಯೇ ಕುಣಿದಿದ್ದರೆ, ಆಕೆಯ ಬಳಿ ಪ್ರಮಾಣಪತ್ರವಾಗಲಿ ಆಹ್ವಾನ ಪತ್ರಿಕೆಯಾಗಲಿ ಇರುವುದಿಲ್ಲ. ಬಯಲಿನ ನೃತ್ಯವೂ ಕಲಾಸೇವೆಯೇ ಆಗಿದ್ದರೂ, ಅದಕ್ಕೆ ಆಧಾರವಿಲ್ಲದ ಕಾರಣ ಸೌಲಭ್ಯಕ್ಕೆ ಅರ್ಜಿ ಸಲ್ಲಿಸುವಾಗ ಇಂತಹ ಕಲಾವಿದೆಯರು ತೊಂದರೆ ಅನುಭವಿಸುತ್ತಾರೆ.

ಅರ್ಜಿದಾರರ ಗಮನಕ್ಕೆ

* ಸಂಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಮಾಸಾಶನ ನೀಡುತ್ತದೆ. ಅರ್ಹತೆ, ಮೊತ್ತ ಹಾಗೂ ಅರ್ಜಿ ಸಲ್ಲಿಸುವ ಅವಧಿಯನ್ನು ಆಯಾ ಸಾಲಿನ ಪ್ರಕಟಣೆಯಲ್ಲಿ ನೋಡಿಕೊಳ್ಳತಕ್ಕದ್ದು.

* ಅರ್ಜಿಯಲ್ಲಿನ ಹೆಸರು ಮತ್ತು ವಯಸ್ಸು ಆಧಾರ್ ಹಾಗೂ ಬ್ಯಾಂಕ್ ಖಾತೆಯಲ್ಲಿರುವುದಕ್ಕೆ ಹೊಂದಿಕೆಯಾಗುತ್ತವೆಯೇ ಎಂಬುದನ್ನು ಮೊದಲೇ ಪರಿಶೀಲಿಸಿಕೊಳ್ಳುವುದು ಸೂಕ್ತ.

* ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯ ಮೂಲಕ ಪಡೆಯಬಹುದು. ಕರ್ನಾಟಕದಲ್ಲಿ ಲಂಬಾಣಿ ಸಮುದಾಯವು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ.

* ತಾಂಡಾದ ಹಬ್ಬಗಳಲ್ಲಿ ನಡೆಯುವ ನೃತ್ಯದ ಛಾಯಾಚಿತ್ರಗಳನ್ನು ದಿನಾಂಕ, ಸ್ಥಳ ಮತ್ತು ಕಲಾವಿದೆಯರ ಹೆಸರುಗಳೊಂದಿಗೆ ಪ್ರತಿ ವರ್ಷ ತೆಗೆದಿರಿಸುವುದು ಒಳಿತು. ಶಾಲೆ, ಪಂಚಾಯಿತಿ ಅಥವಾ ಉತ್ಸವ ಸಮಿತಿಗಳು ನೀಡಿದ ಪತ್ರಗಳನ್ನೂ ಜೋಪಾನವಾಗಿಡಬೇಕು.

* ತಂಡದ ಮುಖ್ಯಸ್ಥರ ಹೆಸರಿನ ಜೊತೆಗೆ ಎಲ್ಲ ಸದಸ್ಯೆಯರ ಹೆಸರುಗಳನ್ನೂ ದಾಖಲಿಸಬೇಕು. ಮುಖ್ಯಸ್ಥರ ಹೆಸರು ಮಾತ್ರವಿದ್ದಲ್ಲಿ, ಉಳಿದ ಕಲಾವಿದೆಯರಿಗೆ ಮುಂದೆ ತಮ್ಮ ಕಲಾಸೇವೆಯನ್ನು ರುಜುವಾತುಪಡಿಸುವುದು ಕಷ್ಟವಾಗುತ್ತದೆ.

* ಓದುಬರಹ ಬಾರದ ಕಲಾವಿದೆಯರಿಗೆ ತಾಂಡಾದ ವಿದ್ಯಾವಂತ ಯುವಜನರು ಅರ್ಜಿ ಭರ್ತಿ ಮಾಡಲು ನೆರವಾಗಬಹುದು. ಅದೇ ಸಂದರ್ಭದಲ್ಲಿ ಅವರ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡಲ್ಲಿ, ಅರ್ಜಿಗೆ ನೆರವಾದಂತೆಯೂ ಆಗುತ್ತದೆ, ಹಾಡು ಉಳಿದಂತೆಯೂ ಆಗುತ್ತದೆ.

ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು. ತಾಂಡಾಗಳ ಮೂಲಸೌಕರ್ಯ ಹಾಗೂ ಅಭಿವೃದ್ಧಿಗೆ ಸಂಬಂಧಿಸಿದ ವಿಷಯಗಳಿಗಾಗಿ, 2009ರಲ್ಲಿ ಸ್ಥಾಪಿತವಾದ ಕರ್ನಾಟಕ ತಾಂಡಾ ಅಭಿವೃದ್ಧಿ ನಿಗಮವನ್ನು ಸಂಪರ್ಕಿಸಬಹುದು.