ಗಡಿ ದಾಟದ ವಿಮೆ

ಮೆಹದಿಪಟ್ಟಣಂನಿಂದ ಆರಾಂಘರ್‌ವರೆಗಿನ ಪಿ.ವಿ. ನರಸಿಂಹರಾವ್ ಮೇಲ್ಸೇತುವೆ 2009ರಲ್ಲಿ ತೆರೆಯಿತು. ಶಂಷಾಬಾದ್ ವಿಮಾನ ನಿಲ್ದಾಣಕ್ಕೆ, ಅಲ್ಲಿಂದ ಗಲ್ಫಿಗೆ ಹೊರಟವರ ದಾರಿ ಅದು. ಬೀದರ್, ಕಲಬುರಗಿ ಕಡೆಯ ಚಾಲಕರೂ ಅವರಲ್ಲಿರುತ್ತಾರೆ. ಕೆಲವರ ಚೀಲದಲ್ಲಿ ಆರ್‌ಟಿಎ ಕೊಟ್ಟ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರುತ್ತದೆ. 1949ರ ಜಿನೀವಾ ಒಪ್ಪಂದದ ಈ ಪುಸ್ತಿಕೆಗೆ ಒಂದೇ ವರ್ಷದ ಆಯುಸ್ಸು. ಈತನಿಗೆ ಗಾಡಿ ಓಡಿಸಲು ಬರುತ್ತದೆ ಎಂದಷ್ಟೇ ಅದು ಸಾರುತ್ತದೆ. ಯಾರಿಗಾದರೂ ಪೆಟ್ಟಾದರೆ ಹಣ ಕೊಡುವವರು ಯಾರು ಎಂಬುದು ಅದರಲ್ಲಿಲ್ಲ.

ಆ ಪ್ರಶ್ನೆಗೆ ಒಂದೊಂದು ದೇಶ ಒಂದೊಂದು ಕಾಲದಲ್ಲಿ ಉತ್ತರ ಹುಡುಕಿತು. ಬ್ರಿಟನ್ 1930ರಲ್ಲಿ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿತು. ಅದರ ನೆರಳಿನಲ್ಲಿ ಬಂದ ನಮ್ಮ 1939ರ ಮೋಟಾರು ವಾಹನ ಕಾಯ್ದೆಯ ವಿಮಾ ಅಧ್ಯಾಯ ಜಾರಿಯಾದದ್ದು 1946ರಲ್ಲಿ. ಅದು ಬ್ರಿಟಿಷ್ ಇಂಡಿಯಾದ ಕಾನೂನು. ಮೆಹದಿಪಟ್ಟಣಂ ಆಗಿನ್ನೂ ನಿಜಾಮರ ಸಂಸ್ಥಾನದಲ್ಲಿತ್ತು. 1988ರ ಕಾಯ್ದೆ ಸಾವು, ಗಾಯಗಳ ಪರಿಹಾರಕ್ಕೆ ಮಿತಿ ಇಡಲಿಲ್ಲ. ಆಸ್ತಿಹಾನಿಗೆ ಮಾತ್ರ 6,000 ರೂಪಾಯಿ ಎಂದಿತು. ಆ ಮೊತ್ತಕ್ಕೆ ಬಾಗಿಲು ರಿಪೇರಿಯೂ ಆಗದು!

ನಮ್ಮಲ್ಲಿ ಸತ್ತವನ ಪರಿಹಾರವನ್ನು ನ್ಯಾಯಮಂಡಳಿ ಲೆಕ್ಕ ಹಾಕುತ್ತದೆ: ವಯಸ್ಸು, ಸಂಬಳ, ಅವಲಂಬಿತರು. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಂತೆ 26ರಿಂದ 30 ವರ್ಷದವನ ವಾರ್ಷಿಕ ನಷ್ಟವನ್ನು 17ರಿಂದ ಗುಣಿಸಬೇಕು. ಸಂಬಳ ದೊಡ್ಡದಾದರೆ ಪರಿಹಾರವೂ ದೊಡ್ಡದು.

ಗಲ್ಫಿನಲ್ಲಿ ಲೆಕ್ಕದ ಬೇರೇ ಬೇರೆ. ಅಲ್ಲಿನದು ದಿಯಾ, ಅಂದರೆ ಪ್ರಾಣದ ಬೆಲೆ. ವಿಮೆಗಿಂತ ಎಷ್ಟೋ ಹಳೆಯ ಪದ್ಧತಿ. ಸೌದಿ ಅರೇಬಿಯಾ 2011ರಲ್ಲಿ ಆಕಸ್ಮಿಕ ಸಾವಿನ ದಿಯಾವನ್ನು 1 ಲಕ್ಷ ರಿಯಾಲ್‌ನಿಂದ 3 ಲಕ್ಷಕ್ಕೆ ಏರಿಸಿತು. ಮ್ಯಾನೇಜರನಿಗೂ ಕೂಲಿಯವನಿಗೂ ಸಂಬಳದ ಭೇದವಿಲ್ಲ ಎಂಬುದು ಮೊದಲ ನೋಟಕ್ಕೆ ನಮ್ಮ ಗುಣಾಕಾರಕ್ಕಿಂತ ನ್ಯಾಯವಾಗಿ ಕಾಣುತ್ತದೆ. ಆದರೆ ಹೆಂಗಸಿಗೆ ಅರ್ಧ ಎಂಬ ನಿಯಮವೂ ಅದರ ಜೊತೆಗೇ ಬಂದಿದೆ.

ಅರಬ್ಬಿಯಲ್ಲಿ ವಿಮೆಗೆ ತಅಮೀನ್ ಎನ್ನುತ್ತಾರೆ. ಕನ್ನಡದ ಕಚೇರಿಗಳಲ್ಲಿ ಬಳಕೆಯಾಗುವ ‘ಅಮಾನತು’ ಪದದ ಬೇರೂ ಅದೇ: ನಂಬಿಕೆ, ಸುರಕ್ಷೆ. ಆ ಸುರಕ್ಷೆ ಮೊದಲಿಗೆ ಪೆಟ್ಟು ತಿಂದವನಿಗೆ, ಚಾಲಕನಿಗಲ್ಲ. ಯುಎಇಯಲ್ಲಿ 2017ರಿಂದ ಜಾರಿಯಲ್ಲಿರುವ ಏಕರೂಪದ ಪಾಲಿಸಿಯ ಪ್ರಕಾರ ಕಂಪನಿ ಮೂರನೆಯವರ ಆಸ್ತಿಹಾನಿಗೆ 20 ಲಕ್ಷ ದಿರ್ಹಂವರೆಗೆ ಭರಿಸುತ್ತದೆ. ಆದರೆ ಚಾಲಕನಿಗೆ ಸರಿಯಾದ ಲೈಸೆನ್ಸ್ ಇಲ್ಲದಿದ್ದರೆ ಆ ಹಣವನ್ನು ಕಂಪನಿ ಅವನಿಂದಲೇ ವಸೂಲಿ ಮಾಡಬಹುದು. ಸಿಕ್ಕಿಬೀಳುವುದು ಇಲ್ಲೇ. ಪ್ರವಾಸಿಯಾಗಿ ಬಂದವನು ಕೆಲಸದ ವೀಸಾ ಪಡೆದ ಮೇಲೆ ಊರಿನ ಪುಸ್ತಿಕೆ ನಡೆಯುವುದಿಲ್ಲ, ಅಲ್ಲಿನ ಲೈಸೆನ್ಸೇ ಬೇಕು. ಕಾರು ಮಾಲೀಕರದು, ವಿಮೆಯೂ ಅವರದು, ಸಾಲ ಮಾತ್ರ ಚಾಲಕನದು. ನಮ್ಮ ನ್ಯಾಯಮಂಡಳಿಗಳಲ್ಲೂ ‘ಪೇ ಅಂಡ್ ರಿಕವರ್’ ಎಂಬ ಹೆಸರಿನಲ್ಲಿ ಇದು ನಡೆಯುತ್ತದೆ.

ಇನ್ನು ಸ್ವಂತ ಕಾರು ತೆಗೆದುಕೊಂಡು ಗಡಿ ದಾಟುವವರ ಮಾತು. ಯುರೋಪ್ 1949ರಲ್ಲೇ ಹಸಿರು ಕಾರ್ಡ್ ತಂದಿತು; ಅರಬ್ ದೇಶಗಳು 1975ರಲ್ಲಿ ಟ್ಯೂನಿಸ್‌ನಲ್ಲಿ ಸೇರಿ ಕಿತ್ತಳೆ ಕಾರ್ಡಿಗೆ ಸಹಿ ಹಾಕಿದವು. ಒಂದು ದೇಶದ ವಿಮೆ ಇನ್ನೊಂದರಲ್ಲಿ, ಆ ಇನ್ನೊಂದರ ಕಾನೂನಿನಂತೆ ನಡೆಯಲಿ ಎಂಬುದು ಎರಡರ ಉದ್ದೇಶವೂ. ಭಾರತದ ಪಾಲಿಸಿ ಸಹಜವಾಗಿ ಭಾರತಕ್ಕಷ್ಟೇ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಗಳಿಗೆ ವಿಸ್ತರಿಸಿಕೊಳ್ಳಬಹುದು. 2002ರ ಮೋಟಾರು ಸುಂಕಪಟ್ಟಿಯಲ್ಲಿ ಪೂರ್ಣ ಪಾಲಿಸಿಗೆ ಅದರ ದರ 500 ರೂಪಾಯಿ ಇತ್ತು. ಆ ಪಟ್ಟಿಯಲ್ಲಿ ಗಲ್ಫಿನ ಯಾವ ದೇಶವೂ ಇಲ್ಲ.